ಅಪ್ಪನಿಗೆ ಒಬ್ಬನೇ ಇಟ್ಟ ಎಡೆ

ಈ ಸಲದ ಹಿರಿಯರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಉಸಿರಾಡುತ್ತಿದ್ದವನು ನಾನೊಬ್ಬನೇ. ಮಿಕ್ಕವರೆಲ್ಲ ಗೋಡೆಯ ಮೇಲಿದ್ದರು. ಬೆಳಿಗ್ಗೆ ಶ್ರೀನಿವಾಸಪುರದಿಂದ ಅಕ್ಕ ಫೋನ್ ಮಾಡಿದಳು. ಅವಳು ಬರುವಂತಿರಲಿಲ್ಲ. ಅದೇ ಅಮಾವಾಸ್ಯೆಗೆ ಅವಳ ಗಂಡನ ಮನೆಯಲ್ಲೂ ಹಿರಿಯರು ಬರುತ್ತಾರೆ. ಮದುವೆಯಾದವಳು ಆ ಮನೆಯ ಸತ್ತವರಿಗೆ ಬೇಯಿಸಬೇಕು, ತನ್ನವರಿಗಲ್ಲ.

"ಹೋಟ್ಲಿಂದ ತಂದು ಬಡಿಸಿಬಿಟ್ಟೀಯಾ ಮತ್ತೆ."

"ಹೋಟ್ಲೂಟ ಇಟ್ರೆ ಅಪ್ಪ ಬಿಲ್ ಎಲ್ಲಿ ಅಂತಾನೆ ಕಣೇ."

ಅವಳು ನಗಲಿಲ್ಲ. "ಅಪ್ಪನಿಗೆ ಮೊದಲನೇ ಎಡೆ ಇದು. ಇವತ್ತೊಂದಿನ ತಮಾಷೆ ಬಿಟ್ಟು ಮಾಡು," ಎಂದು ಇಟ್ಟುಬಿಟ್ಟಳು.

ತಮಾಷೆ ಬಿಟ್ಟು ಮಾಡಬೇಕಾದ ಕೆಲಸ ಬೇರೊಂದಿತ್ತು. ಬೈರಕೂರಿನಲ್ಲಿರುವ ದೊಡ್ಡಪ್ಪನಿಗೆ ಒಂದು ನಿಜ ಹೇಳಬೇಕಿತ್ತು. ಅದನ್ನು ಹೇಳದೆ ಅಪ್ಪನ ಎಲೆಯ ಮುಂದೆ ಕೂರಲು ನನಗೆ ಮುಖವಿರಲಿಲ್ಲ. ಆ ನಿಜ ಏನೆಂದು ತಿಳಿಯಬೇಕಾದರೆ ನಮ್ಮ ಮನೆಯ ಜಗಳ ಗೊತ್ತಾಗಬೇಕು. ಜಗಳ ಗೊತ್ತಾಗಬೇಕಾದರೆ ಹಬ್ಬ ಗೊತ್ತಾಗಬೇಕು.

ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರ ಫೋಟೋ ಮುಂದೆ ಬಾಳೆಯೆಲೆ ಹಾಸಿ, ಅವರವರು ಇಷ್ಟಪಟ್ಟಿದ್ದನ್ನೆಲ್ಲ ಬಡಿಸುತ್ತೇವೆ. ಅದೇ ಎಡೆ. ಹೊಸ ಪಂಚೆ, ಹೊಸ ಸೀರೆ ಇಟ್ಟು, ಬೀಡಿ ಸೇದುತ್ತಿದ್ದವರಿಗೆ ಬೀಡಿ ಇಟ್ಟು, ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವರು ಉಣ್ಣುವುದನ್ನು ನಾವು ನೋಡಬಾರದು. ಸ್ವಲ್ಪ ಹೊತ್ತು ಜಗಲಿಯ ಮೇಲೆ ಕಾದು, ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ತಟ್ಟದೆ ಹೋದರೆ ಅರ್ಧ ಊಟಕ್ಕೇ ಎದ್ದುಹೋಗುತ್ತಾರೆಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ಆ ಎಲೆಗಳಲ್ಲಿದ್ದುದನ್ನು ನಾವು ಹಂಚಿಕೊಂಡು ತಿನ್ನುತ್ತೇವೆ. ಅಲ್ಲಿಯವರೆಗೆ ಅಡುಗೆ ಮಾಡಿದವರೂ ಉಪ್ಪು ನೋಡುವ ಹಾಗಿಲ್ಲ.

ಅಜ್ಜಿ ಇರುವ ತನಕ ಇದೆಲ್ಲ ಟೇಕಲ್ ಹತ್ತಿರದ ನಮ್ಮ ಮನೆಯಲ್ಲೇ ನಡೆಯುತ್ತಿತ್ತು. ದೊಡ್ಡಪ್ಪ, ದೊಡ್ಡಮ್ಮ ಬೈರಕೂರಿನಿಂದ ಹಿಂದಿನ ದಿನವೇ ಬಂದುಬಿಡುತ್ತಿದ್ದರು. ದೊಡ್ಡಮ್ಮನ ಕಡೆಯ ಮಾವಿನ ತೋಟ ನೋಡಿಕೊಳ್ಳಲು ದೊಡ್ಡಪ್ಪ ಮದುವೆಯಾದ ಮೇಲೆ ಅಲ್ಲಿಗೆ ಹೋಗಿದ್ದ. ಅಜ್ಜಿ ಹೋದ ವರ್ಷವೇ ತಕರಾರು ಹುಟ್ಟಿತು. ಇನ್ನು ಮೇಲೆ ಅಜ್ಜ ಅಜ್ಜಿ ಯಾರ ಮನೆಗೆ ಬರಬೇಕು?

"ಹಿರೀ ಮಗ ನಾನು. ಹಿರಿಯರು ನಮ್ಮನೇಗ್ ಬರೋದು," ಎಂದ ದೊಡ್ಡಪ್ಪ.

"ಅದೇನಂದ್ರೆ, ಅವ್ವ ಕಣ್ಣು ಮುಚ್ಚಿದ್ದು ಈ ಮನೇಲಿ. ಅವಳಿಗೆ ನಿನ್ ಮನೆ ದಾರೀನೇ ಸರಿಯಾಗ್ ಗೊತ್ತಿಲ್ಲ," ಎಂದ ಅಪ್ಪ.

ಜಮೀನಿನ ಭಾಗವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದ ಅಣ್ಣತಮ್ಮಂದಿರಿಗೆ ಸತ್ತವರ ಭಾಗ ಬಗೆಹರಿಯಲಿಲ್ಲ. ಮಾತು ನಿಂತಿತು. ಎರಡೂ ಮನೆಯಲ್ಲಿ ಎಡೆ ಇಟ್ಟರು. ಹಿರಿಯರು ಮೊದಲು ಕರೆದ ಕಡೆ ಹೋಗುತ್ತಾರೆಂಬ ಲೆಕ್ಕದಲ್ಲಿ ಒಂದು ವರ್ಷ ಅಪ್ಪ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟರೆ, ಮುಂದಿನ ವರ್ಷ ದೊಡ್ಡಪ್ಪ ಹನ್ನೊಂದಕ್ಕೆ ಇಟ್ಟ. ಅದು ಗೊತ್ತಾಗಿ ಅಪ್ಪ ಹತ್ತೂವರೆಗೆ ಇಳಿದ. ಹೀಗೇ ಹೋಗಿದ್ದರೆ ಇಷ್ಟು ಹೊತ್ತಿಗೆ ಇಬ್ಬರೂ ಹಿಂದಿನ ದಿನವೇ ಇಡುತ್ತಿದ್ದರೇನೋ.

ನಾನು ಮಿಮಿಕ್ರಿ ಮಾಡುವವನು. ಹಗಲೆಲ್ಲ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತೇನೆ. ಗಣೇಶ ಬಂದರೆ ಕೋಲಾರದಿಂದ ಮುಳಬಾಗಿಲಿನ ತನಕ ಯಾವ ಬೀದಿಯವರು ಕರೆದರೂ ಹೋಗಿ ಮೈಕಿನ ಮುಂದೆ ನಿಲ್ಲುತ್ತೇನೆ. ಬಸ್ಸಿನ ಕಂಡಕ್ಟರು, ನಮ್ಮ ಸೂಪರ್‌ವೈಸರು, ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ದನಿಗೇ ಅಲ್ಲಿ ಜಾಗ ಸಿಕ್ಕಿಲ್ಲ. ಈ ಜಗಳವನ್ನೂ ನಾನು ಬಿಡಲಿಲ್ಲ. ಅಜ್ಜ ಟೇಕಲ್‌ನಲ್ಲಿ ಗಬಗಬ ಉಂಡು, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳಲೂ ಹೊತ್ತಿಲ್ಲದೆ ಕೋಲಾರದ ಬಸ್ಸು ಹಿಡಿದು, ಮುಳಬಾಗಿಲಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಓಡುವುದನ್ನು ಅಭಿನಯಿಸಿ ತೋರಿಸುತ್ತಿದ್ದೆ. ಹಿಂದಿನಿಂದ ಅಜ್ಜಿ, "ಏಮಯ್ಯಾ, ಸ್ವಲ್ಪ ನಿಲ್ಲು, ನನ್ ಸೊಂಟ ಬಿತ್ತು," ಎಂದು ಕೂಗುತ್ತಿದ್ದಳು. ಕಂಡಕ್ಟರು ಇಬ್ಬರಿಗೂ ಆಧಾರ್ ಕಾರ್ಡ್ ಕೇಳುತ್ತಿದ್ದ. ಊರೆಲ್ಲ ನಗುತ್ತಿತ್ತು. ಅಪ್ಪನೂ ಒಂದು ಸಲ ಬಾಯಿಗೆ ಟವಲ್ ಅಡ್ಡ ಹಿಡಿದು ನಕ್ಕಿದ್ದ.

ಅಪ್ಪನ ದನಿ ಎಲ್ಲಕ್ಕಿಂತ ಸುಲಭ. ಯಾವ ಮಾತನ್ನಾದರೂ "ಅದೇನಂದ್ರೆ" ಎಂದು ಶುರುಮಾಡುತ್ತಿದ್ದ. ಆಮೇಲೆ ಮೂಗಿನಿಂದ ಸಣ್ಣಗೆ ಒಂದು ಉಸಿರು. ಆಮೇಲೆ ವಿಷಯ, ವಿಷಯ ಇದ್ದರೆ.

ಎರಡು ವರ್ಷದ ಹಿಂದೆ ಹಬ್ಬಕ್ಕೆ ನಾಲ್ಕು ದಿನವಿದ್ದಾಗ, ಅಪ್ಪ ಡೇರಿಗೆ ಹಾಲು ಹಾಕಲು ಹೋಗಿದ್ದ. ಅವನ ಬಟನ್ ಫೋನು ಕಿಟಕಿಯಲ್ಲಿ ಚಾರ್ಜಿಗೆ ಬಿದ್ದಿತ್ತು. ನಾನು ಅದನ್ನು ತೆಗೆದುಕೊಂಡು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಒಳ್ಳೆಯದಕ್ಕೇ ಮಾಡಿದೆ ಎಂದು ಬರೆಯಬಹುದು, ಅರ್ಧ ನಿಜವೂ ಹೌದು. ಇನ್ನರ್ಧ, ಅಪ್ಪನ ಅಣ್ಣನೇ ನಂಬುವಷ್ಟು ಚೆನ್ನಾಗಿ ಮಾಡಬಲ್ಲೆನಾ ಎಂದು ನೋಡುವ ಚಪಲ.

"ಅದೇನಂದ್ರೆ ಅಣ್ಣಾ," ಎಂದೆ. ಮೂಗಿನಿಂದ ಉಸಿರು ಬಿಟ್ಟೆ. "ಈ ಸಲ ಇಲ್ಲೇ ಬಾ. ಒಂದೇ ಕಡೆ ಇಡಾಣ."

"ನೀನೇ ಕರೀತಿದ್ದೀಯೇನೋ?" ಎಂದ ದೊಡ್ಡಪ್ಪ.

"ನಾನೇ."

"ಸರಿ ಕಣಪ್ಪಾ. ಬರ್ತೀನಿ," ಎಂದ. ಫೋನು ಇಟ್ಟು ನಾನು ಕನ್ನಡಿ ಮುಂದೆ ನಿಂತು ನನಗೇ ಚಪ್ಪಾಳೆ ತಟ್ಟಿಕೊಂಡೆ. ಬಾಗಿಲಿಗೆ ಬಂದ ಅಣ್ಣನನ್ನು ಅಪ್ಪ ಹೊರಗೆ ನಿಲ್ಲಿಸುವುದಿಲ್ಲ ಎಂದುಕೊಂಡಿದ್ದೆ. ಅದಕ್ಕೇ ಅಪ್ಪನಿಗೆ ಏನೂ ಹೇಳಲಿಲ್ಲ.

ಅಮಾವಾಸ್ಯೆಯ ದಿನ ಅಪ್ಪ ಎಡೆ ಇಟ್ಟು ಆಗಷ್ಟೇ ಬಾಗಿಲು ಹಾಕಿದ್ದ. ನಾವಿಬ್ಬರೂ ಜಗಲಿಯ ಮೇಲಿದ್ದೆವು. ಆಟೋದಿಂದ ದೊಡ್ಡಪ್ಪ, ದೊಡ್ಡಮ್ಮ ಇಳಿದರು. ದೊಡ್ಡಪ್ಪನ ಕಂಕುಳಲ್ಲಿ ಹಳದಿ ಬಟ್ಟೆ ಸುತ್ತಿದ ಫೋಟೋ ಇತ್ತು. ತನ್ನ ಮನೆಯಲ್ಲಿಟ್ಟು ಪೂಜೆ ಮಾಡುತ್ತಿದ್ದ ಅಜ್ಜ ಅಜ್ಜಿಯ ಫೋಟೋ. ಒಂದೇ ಕಡೆ ಇಡೋಣ ಎಂದು ತಮ್ಮ ಅಂದಿದ್ದನಲ್ಲ, ತನ್ನ ಮನೆಯಲ್ಲಿ ಒಲೆಯನ್ನೇ ಹಚ್ಚದೆ ಹಿರಿಯರನ್ನೇ ಎತ್ತಿಕೊಂಡು ಬಂದಿದ್ದ.

ಅಪ್ಪ ಎದ್ದು ಬಾಗಿಲಿಗೆ ಅಡ್ಡ ನಿಂತ. "ಒಳಗೆ ಹಿರಿಯರು ಊಟಕ್ ಕೂತವ್ರೆ. ಈಗ್ ಬಂದು ಅವ್ರನ್ನ ಕರ್ಕೊಂಡ್ ಹೋಗ್ಬೇಕಾ ನಿಂಗೆ? ಯಾರ್ ಕರೆದ್ರು ನಿನ್ನ?"

"ನೀನೇ ಕರ್ದೆಯಲ್ಲೋ."

"ನಾನು ಕರೀಲಿಲ್ಲ."

"ಅಣ್ಣಾ ಅಂತ ಕರ್ದೆ. ಫೋನಲ್ಲಿ."

"ನಾನು ಕರೀಲಿಲ್ಲ ಅಂದ್ನಲ್ಲ."

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಮನೆ ಎಡೆ ಬಿಡಿಸಿ, ಕರೆಸಿ, ಬೀದೀಲಿ ನಿಲ್ಲಿಸ್ದ ನೋಡ್ರಿ," ಎಂದಳು. ನಾನು ಎರಡು ಮಾರು ದೂರದಲ್ಲಿದ್ದೆ. ಊರಿನವರ ದನಿಯೆಲ್ಲ ನನ್ನ ಹತ್ತಿರ ಇತ್ತು. ಒಂದೇ ಒಂದು ಮಾತು ಸಾಕಿತ್ತು, ಆಡಲಿಲ್ಲ. ಕಂಬದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದೆ. ದೊಡ್ಡಪ್ಪ ಫೋಟೋವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡು, ಒಂದು ಲೋಟ ನೀರೂ ಕುಡಿಯದೆ ಅದೇ ಆಟೋ ಹತ್ತಿದ.

ಮಾರನೆಯ ದಿನ ಅಪ್ಪ ಹಾಲು ಕರೆಯುತ್ತಾ ಕೇಳಿದ, "ಅದೇನಂದ್ರೆ… ನೀನೇನಾದ್ರೂ ಫೋನ್ ಗೀನ್ ಮಾಡಿದ್ಯೇನ್ಲಾ?"

"ಇಲ್ಲಪ್ಪ," ಎಂದೆ.

ಅಪ್ಪ ಕೆಚ್ಚಲಿನಿಂದ ಕಣ್ಣು ಎತ್ತಲಿಲ್ಲ. ಆ "ಇಲ್ಲಪ್ಪ"ವನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದ್ದೆ.

ಹೇಳಿದರಾಯಿತು, ಹೇಳಿದರಾಯಿತು ಎಂದು ಹತ್ತು ತಿಂಗಳು ಹೋಯಿತು. ಆಷಾಢದಲ್ಲಿ ಒಂದು ಬೆಳಿಗ್ಗೆ ಡೇರಿಯಿಂದ ಬಂದು ಜಗಲಿಯ ಮೇಲೆ ಕೂತ ಅಪ್ಪ ಮತ್ತೆ ಏಳಲಿಲ್ಲ. ದೊಡ್ಡಪ್ಪ ಮಣ್ಣಿಗೆ ಬಂದ. ಎಲ್ಲರೂ ಹಾಕಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಪಕ್ಕದಲ್ಲಿದ್ದವರಿಗೆ, "ಕರೆಸಿ ಬಾಗಿಲಿಂದ ಕಳಿಸ್ದೋನು. ಆದ್ರೂ ಬಂದಿದ್ದೀನಿ," ಎಂದ. ಅಪ್ಪ ಆ ಹೆಸರು ಹೊತ್ತುಕೊಂಡೇ ಮಣ್ಣಿಗೆ ಹೋದ. ಅದು ನನಗೆ ಬರಬೇಕಾದ ಹೆಸರು. ಹೋದ ಸಲ ವರ್ಷ ತುಂಬಿರಲಿಲ್ಲವೆಂದು ಹಬ್ಬ ಮಾಡಲಿಲ್ಲ. ಈ ಸಲ ತಪ್ಪಿಸಿಕೊಳ್ಳಲು ಆ ನೆಪವೂ ಇರಲಿಲ್ಲ.

ಒಬ್ಬನೇ ಹಬ್ಬ ಮಾಡುವುದರಲ್ಲಿ ಸುಖವಿದೆ, ಸುಳ್ಳು ಹೇಳುವುದಿಲ್ಲ. ಮಟನ್ ಅಂಗಡಿಯವನು, "ಎಷ್ಟು ಜನಕ್ಕಪ್ಪಾ?" ಎಂದಾಗ, "ಇಬ್ರು ಸತ್ತೋರು, ಒಬ್ಬ ಅರೆಜೀವ," ಎಂದೆ. ಅವನು ನಗುತ್ತಾ ಮೂಳೆ ಕಡಿಮೆ ಹಾಕಿದ. ಸ್ನಾನಕ್ಕೆ ಯಾರೂ ಬಾಗಿಲು ಬಡಿಯುವವರಿಲ್ಲದೆ ಎರಡು ಹಂಡೆ ನೀರು ಸುರಿದುಕೊಂಡೆ. ಕೊತ್ತಂಬರಿ ಬೀಜ, ಚಕ್ಕೆ, ಲವಂಗ ಹುರಿಯುವಾಗ ಮನೆಯೆಲ್ಲ ಘಮ್ಮೆಂದಿತು. ಆ ವಾಸನೆಗೆ ನಾನೊಬ್ಬನೇ ಒಡೆಯ ಎನಿಸಿ ಒಲೆಯ ಮುಂದೆ ಸ್ವಲ್ಪ ಕುಣಿದೂ ಕುಣಿದೆ. ಸಾರು ಕುದಿಯುವಾಗ ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಯಿತು. ರುಚಿ ನೋಡುವಂತಿಲ್ಲ. ಮೊದಲಾದರೆ, "ಉಪ್ಪು ಹಾಕಿದ್ದು ಯಾರಾದ್ರೂ ನೋಡಿದ್ರಾ?" ಎಂದು ಕೂಗಿದರೆ ಮೂರು ಜನ ಮೂರು ಥರ ಉತ್ತರ ಕೊಡುತ್ತಿದ್ದರು. ಮತ್ತೊಂದು ಹಿಡಿ ಹಾಕಿದೆ.

ಎರಡೇ ಎಲೆ ಹಾಸಿದೆ. ಒಂದು ಅಮ್ಮನಿಗೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೋದವಳು. ಅವಳಿಗೆ ಕಡುಬು ಅಂದರೆ ಪ್ರಾಣ ಎಂದು ಅಕ್ಕ ಹೇಳಿದ್ದು ಬಿಟ್ಟರೆ ನನಗೇನೂ ಗೊತ್ತಿಲ್ಲ, ಅದನ್ನೇ ಬಡಿಸಿದೆ. ಇನ್ನೊಂದು ಅಪ್ಪನಿಗೆ. ಮುದ್ದೆ, ಮಟನ್ ಸಾರು, ಲಿವರ್ ಹುರಿದದ್ದು, ವಡೆ, ಅನ್ನ, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅಜ್ಜ ಅಜ್ಜಿಯ ಫೋಟೋವನ್ನು ಇಡಲಿಲ್ಲ. ಅವರು ಬೈರಕೂರಿನಲ್ಲೇ ನಿಧಾನವಾಗಿ ಉಣ್ಣಲಿ. ಸಾಂಬ್ರಾಣಿ ಹಾಕಿ, ಕೈ ಮುಗಿದು, ಹೊರಗೆ ಬಂದು ಬಾಗಿಲು ಹಾಕಿಕೊಂಡೆ. ಜಗಲಿಯ ತುದಿಗೆ ಹೋಗಿ, ಒಳಗೆ ಉಣ್ಣುತ್ತಿರುವವನಿಗೆ ಕೇಳಿಸಬಾರದೆಂದು ಬೆನ್ನು ತಿರುಗಿಸಿ ಕೂತು ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಯಾರು?"

"ದೊಡ್ಡಪ್ಪಾ, ನಾನು. ಟೇಕಲ್‌ನಿಂದ."

"ಈಗ್ ತಾನೇ ಎಡೆ ಇಟ್ಟು ಬಾಗ್ಲು ಹಾಕಿದ್ದೀವಿ. ಏನು?"

ಅವನೂ ಅಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ. "ಅವತ್ತು ಹಬ್ಬಕ್ ಬಾ ಅಂತ ಫೋನ್ ಮಾಡಿದ್ದು ಅಪ್ಪ ಅಲ್ಲ ದೊಡ್ಡಪ್ಪ. ನಾನು. ಅಪ್ಪನ್ ಥರ ಮಾತಾಡ್ದೆ. ಅಪ್ಪಂಗೆ ಏನೂ ಗೊತ್ತಿರ್ಲಿಲ್ಲ."

"ಏಮ್ರಾ? ಏನಂದೆ?"

"ಅಪ್ಪ ನಿಜಾನೇ ಹೇಳಿದ್ದು. ಅವನು ಕರ್ದಿರ್ಲಿಲ್ಲ."

ದೊಡ್ಡಪ್ಪ ಮೂಗಿನಲ್ಲೇ ನಕ್ಕ. "ರೇಯ್, ನಿನ್ ನಾಟಕ ಗಣೇಶನ್ ಮುಂದೆ ಇಟ್ಕೋ. ಸತ್ತೋನ್ನ ಒಳ್ಳೇನ್ ಮಾಡಕ್ಕೆ ನೀನು ಮೇಲೆ ಹಾಕ್ಕೊಳ್ತಿದ್ದೀಯ. ಒಂದೇ ತಟ್ಟೇಲಿ ಉಂಡೋರು ನಾವು. ನನ್ ತಮ್ಮನ್ ದನಿ ನಂಗ್ ಗೊತ್ತಾಗಲ್ವಾ?"

"ಇಲ್ಲ ದೊಡ್ಡಪ್ಪ, ನಿಜ…"

"ಅಳೋ ಥರಾನೂ ಮಾಡ್ತೀಯಲ್ಲೋ. ಇದು ಯಾರ್ದು, ನಿಮ್ಮಕ್ಕನ್ದಾ?"

ಅದು ನನ್ನದೇ ಅಳು. ಜೀವನದಲ್ಲಿ ಮೊದಲ ಸಲ ಸ್ವಂತದ್ದು ಒಂದನ್ನು ಹೊರಗೆ ತೆಗೆದರೆ ಅದನ್ನೂ ಯಾರದ್ದೋ ಅಂದ. ನಿಜವನ್ನು ನಂಬಿಸಲು ನನ್ನ ಹತ್ತಿರ ಒಂದೇ ದಾರಿ ಉಳಿದಿತ್ತು. ಅಪ್ಪ ಹೋದ ಮೇಲೆ ಅವನ ದನಿಯನ್ನು ನಾನು ಮುಟ್ಟಿರಲಿಲ್ಲ. ಊರ ಹುಡುಗರು ಕೇಳಿದರೂ ಮಾಡಿರಲಿಲ್ಲ. ನನ್ನ ಹಿಂದೆ ಮುಚ್ಚಿದ ಬಾಗಿಲಿತ್ತು. ಅದರ ಹಿಂದೆ ಅವನ ಎಲೆಯಿತ್ತು. ಫೋನನ್ನು ಬಾಯಿಗೆ ಹತ್ತಿರ ಹಿಡಿದೆ.

"ಅದೇನಂದ್ರೆ ಅಣ್ಣಾ," ಎಂದೆ. ಉಸಿರು ತಾನೇ ಮೂಗಿನಿಂದ ಬಂತು. "ಈ ಸಲ ಇಲ್ಲೇ ಬಾ. ಒಂದೇ ಕಡೆ ಇಡಾಣ."

ಆ ಕಡೆಯಿಂದ ಬಂದ ಸದ್ದನ್ನು ನಾನು ಯಾವತ್ತೂ ಮಾಡಿ ತೋರಿಸಲಾರೆ. ಉಸಿರು ಒಳಕ್ಕೆ ಹೋಗಿ ಹೊರಗೆ ಬರಲು ದಾರಿ ಕಾಣದ ಹಾಗೆ. ಆಮೇಲೆ, "ನಿಲ್ಸು," ಎಂದ. "ನಿಲ್ಸೋ ದರಿದ್ರದೋನೇ." ನಾನು ಆಗಲೇ ನಿಲ್ಲಿಸಿದ್ದೆ.

"ಎರಡು ವರ್ಷ ಬೈದಿದ್ದೀನಲ್ಲೋ ಅವನ್ನ," ಎಂದ ದೊಡ್ಡಪ್ಪ. ಈಗ ಅವನ ದನಿ ಬಹಳ ಮೆಲ್ಲಗಿತ್ತು. "ಕಂಡೋರ್ ಹತ್ರ ಎಲ್ಲ ಹೇಳ್ಕೊಂಡು ಬೈದಿದ್ದೀನಿ. ಮಣ್ಣು ಹಾಕೋವಾಗ್ಲೂ ಬೈಕೊಂಡೇ ಹಾಕ್ದೆ. ಅವನು ಬಾಗ್ಲಲ್ಲಿ ನಿಂತು ಕರೀಲಿಲ್ಲ ಅಂತ ನಿಜಾನೇ ಹೇಳ್ತಿದ್ದ. ನೀನು ಅಲ್ಲೇ ಇದ್ದೆ."

"ಇದ್ದೆ."

ಫೋನು ಕಟ್ಟಾಯಿತು.

ಅಪ್ಪನಿಗೆ ಅಂಟಿದ್ದ ಕೆಟ್ಟ ಹೆಸರು ತೊಳೆದುಹೋಯಿತಲ್ಲ, ಹಗುರವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಪ್ಪನ ಮೇಲೆ ಸಿಟ್ಟಿಟ್ಟುಕೊಂಡಾದರೂ ದೊಡ್ಡಪ್ಪ ನೆಟ್ಟಗೆ ನಿಂತಿದ್ದ. ಆ ಸಿಟ್ಟನ್ನೂ ಕಿತ್ತುಕೊಂಡು ಅವನ ಹಬ್ಬದ ದಿನ ಅವನನ್ನು ಜಗಲಿಯ ಮೇಲೆ ಕೂರಿಸಿಬಿಟ್ಟಿದ್ದೆ. ಬಾಗಿಲು ತಟ್ಟಿ ಒಳಗೆ ಹೋದೆ. ಅಪ್ಪನ ಎಲೆ ಎಳೆದುಕೊಂಡು ಉಣ್ಣಲು ಕೂತೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಲಿವರ್ ಮಾತ್ರ ಚೆನ್ನಾಗಿ ಆಗಿತ್ತು. ಆ ಹೊತ್ತಿನಲ್ಲೂ ಅದು ರುಚಿಸಿತು. ಇನ್ನೆರಡು ತುಂಡು ಹಾಕಿಕೊಂಡೆ, ಕಣ್ಣು ಒರೆಸಿಕೊಂಡೆ, ಮತ್ತೆ ಹಾಕಿಕೊಂಡೆ. ನಾಚಿಕೆಯಾಗಬೇಕಿತ್ತು. ಹಸಿವಾಗಿತ್ತು.

ಕೈ ಇನ್ನೂ ಎಲೆಯ ಮೇಲಿರುವಾಗಲೇ ಫೋನ್ ಬಂತು. ಬೈರಕೂರಿನಿಂದಲೇ.

"ಏನಿಟ್ಟಿದ್ದೀಯ ಅವನಿಗೆ?" ಎಂದ ದೊಡ್ಡಪ್ಪ.

ಹೇಳಿದೆ.

"ಹುರಿಟ್ಟು?"

"ಇಲ್ಲ."

"ಬೆಲ್ಲ, ಕಾಯ್ತುರಿ ಹಾಕಿ ಹುರಿಟ್ಟಿನ ಉಂಡೆ. ಚಿಕ್ಕೋನಿದ್ದಾಗ ಅದಿಲ್ದೆ ಊಟದಿಂದ ಏಳ್ತಿರ್ಲಿಲ್ಲ ಅವನು. ಅವ್ವ ನನ್ ಪಾಲಿಂದೂ ಅವನಿಗೇ ಹಾಕೋಳು. ಇಡು."

"ಇಡ್ತೀನಿ ದೊಡ್ಡಪ್ಪ."

"ನಿನ್ ಮುಖ ನೋಡಿ ಹೇಳ್ತಿಲ್ಲ. ಅವನಿಗೋಸ್ಕರ ಹೇಳ್ದೆ. ನೀನು ನಮ್ಮನೆ ಕಡೆ ಬರ್ಬೇಡ. ಫೋನೂ ಮಾಡ್ಬೇಡ. ಇನ್ನೊಂದು ಸಲ ಆ ದನಿ ನನ್ ಕಿವೀಗ್ ಹಾಕ್ಬೇಡ."

ಪಕ್ಕದ ಮನೆಯ ಅತ್ತೆಯ ಹತ್ತಿರ ಹೋಗಿ ಹುರಿದ ರಾಗಿಯ ಹಿಟ್ಟು ಕೇಳಿದೆ. "ಹಬ್ಬದ್ ದಿನ ಯಾರಾದ್ರೂ ಹುರಿಟ್ಟು ತಿಂತಾರೇನೋ? ಒಬ್ಬಟ್ಟಿದೆ ತಗೋ," ಎಂದಳು. "ಅಪ್ಪಂಗೆ ಅತ್ತೆ," ಎಂದೆ. ಅವಳು ಮತ್ತೇನೂ ಕೇಳದೆ ಒಂದು ಲೋಟದ ತುಂಬ ಕೊಟ್ಟಳು.

ಬೆಲ್ಲ ಕುಟ್ಟಿ, ಕಾಯಿ ತುರಿದು, ನೀರು ಚಿಮುಕಿಸಿ ಕಲಸಿದೆ. ಮೂರು ಉಂಡೆಯಾಯಿತು, ಮೂರೂ ಸೊಟ್ಟ. ಹೊಸ ಎಲೆಯ ತುಂಡಿನ ಮೇಲೆ ಇಟ್ಟು ಅಪ್ಪನ ಮುಂದೆ ಸರಿಸಿದೆ. ಒಂದೇ ದಿನ ಎರಡು ಸಲ ಎಡೆ ಇಡಬಹುದೋ ಬಾರದೋ, ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷ ಜೊತೆಗಿದ್ದ ಅಪ್ಪ ಒಂದು ದಿನವೂ ಇದನ್ನು ಕೇಳಿದ್ದಿಲ್ಲ. ಅವನು ಹೇಗೆ ಕೆಮ್ಮುತ್ತಾನೆ, ಹೇಗೆ ಸೀನುತ್ತಾನೆ, ಹೇಗೆ ಸಿಟ್ಟಾಗುತ್ತಾನೆ ಎಲ್ಲ ಬಾಯಿಪಾಠ ಮಾಡಿದ್ದವನಿಗೆ ಅವನಿಗೆ ಸಿಹಿ ಇಷ್ಟ ಎಂಬುದೇ ಗೊತ್ತಿರಲಿಲ್ಲ.

ಬಾಗಿಲು ಹಾಕಿಕೊಂಡು ಜಗಲಿಯಲ್ಲಿ ಕಾದು, ತಟ್ಟಿ ಒಳಗೆ ಬಂದು, ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡೆ. ಬೆಲ್ಲ ಜಾಸ್ತಿಯಾಗಿತ್ತು. ಹಿಟ್ಟು ಅಂಗುಳಿಗೆ ಅಂಟಿಕೊಂಡಿತು. ನನಗೆ ಅದು ಹಿಡಿಸಲಿಲ್ಲ. ಆದರೂ ನೀರು ಕುಡಿಯುತ್ತಾ ಮೂರನ್ನೂ ತಿಂದು ಮುಗಿಸಿದೆ.